ಕ್ಲಾಟ್ ಪರೀಕ್ಷೆ ಡಿಸೆಂಬರಿನಲ್ಲೇ ಮುಗಿಯುತ್ತದೆ, ಕಾಲೇಜುಗಳು ಜೂನ್‌ನಲ್ಲೇ ಹೇಳಲಿ

ಸಂಪಾದಕರಿಗೆ ನಮಸ್ಕಾರ.

ಹಿರೇಕೆರೂರಿನಲ್ಲಿ ನನ್ನದೊಂದು ಸಣ್ಣ ಜೆರಾಕ್ಸ್ ಅಂಗಡಿ. ಆನ್‌ಲೈನ್ ಅರ್ಜಿಗಳನ್ನೂ ತುಂಬಿಕೊಡುತ್ತೇನೆ. ದ್ವಿತೀಯ ಪಿಯು ಫಲಿತಾಂಶ ಬಂದ ವಾರ ಅಂಗಡಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಆ ಗದ್ದಲದಲ್ಲಿ ಪ್ರತಿ ವರ್ಷ ಮೂರ್ನಾಲ್ಕು ಮಕ್ಕಳು ಬಂದು, "ಅಣ್ಣಾರ, ಬೆಂಗಳೂರಿನ ಲಾ ಸ್ಕೂಲಿಗೆ ಅರ್ಜಿ ಹಾಕಬೇಕ್ರೀ" ಎನ್ನುತ್ತಾರೆ. ಅಲ್ಲಿಗೂ ದೇಶದ ಬೇರೆ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೂ ಸೇರಲು ಬರೆಯಬೇಕಾದ ಕ್ಲಾಟ್ ಎಂಬ ಪ್ರವೇಶ ಪರೀಕ್ಷೆ ಡಿಸೆಂಬರಿನಲ್ಲೇ ಮುಗಿದಿದೆ ಎಂದರೆ ನಂಬುವುದಿಲ್ಲ. "ರಿಸಲ್ಟೇ ಈಗ ಬಂದೈತಿ, ಅದ್ಹೆಂಗ್ರೀ?" ಎಂದು ನನ್ನನ್ನೇ ಕೇಳುತ್ತಾರೆ.

ಮಕ್ಕಳ ತಪ್ಪಲ್ಲ ಬಿಡಿ. ಮೊದಲೆಲ್ಲ ಕ್ಲಾಟ್ ಹೆಚ್ಚಾಗಿ ಮೇ ತಿಂಗಳಲ್ಲಿ ಇರುತ್ತಿತ್ತು. ಕೊರೊನಾ ಬಂದು ಎಲ್ಲ ಅದಲುಬದಲಾಯಿತು. 2022ರಲ್ಲಂತೂ ಜೂನ್‌ನಲ್ಲೊಮ್ಮೆ, ಡಿಸೆಂಬರಿನಲ್ಲೊಮ್ಮೆ, ಒಂದೇ ವರ್ಷ ಎರಡು ಸಲ ನಡೆಯಿತು. ಆಮೇಲಿನ ವರ್ಷಗಳಲ್ಲೂ ಡಿಸೆಂಬರಿನಲ್ಲೇ ನಡೆದಿದೆ. ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯದ ಕೆಳಗಿನ ಕಾಲೇಜುಗಳಲ್ಲಿ ಪಿಯು ಅಂಕದ ಮೇಲೆ ಸೀಟು. ಅಲ್ಲಿ ಫಲಿತಾಂಶ ಬಂದ ಮೇಲೆ ಹೋದರೂ ನಡೆಯುತ್ತದೆ. ಎರಡೂ ಒಂದೇ ಎಂದುಕೊಂಡ ಉಪನ್ಯಾಸಕರು "ಮೊದಲು ಪಿಯು ಮುಗಿಸು" ಎಂದುಬಿಡುತ್ತಾರೆ.

ನನ್ನ ಅಕ್ಕನ ಮಗನಿಗೂ ಕಾಲೇಜಿನಲ್ಲಿ ಹಾಗೇ ಹೇಳಿದ್ದರು. ಅವರನ್ನೇನು ಬೈಯಲಿ? ಊರವರ ಅರ್ಜಿಯೆಲ್ಲ ತುಂಬುವ ನಾನೇ ಗಮನಿಸಿರಲಿಲ್ಲ. ಅವನೀಗ ಬಿ.ಕಾಂ. ಓದುತ್ತಿದ್ದಾನೆ. "ಡಿಗ್ರಿ ಮುಗಿಸಿ ಮೂರು ವರ್ಷದ ಎಲ್‌ಎಲ್‌ಬಿ ಮಾಡ್ತೀನಿ ಬಿಡು ಮಾಮಾ" ಎನ್ನುತ್ತಾನೆ. ಆದರೂ ಎದುರು ಸಿಕ್ಕಾಗ ನನಗೆ ಮುಜುಗರ.

ಕ್ಲಾಟ್ ಅರ್ಜಿ ಜುಲೈ ಅಥವಾ ಆಗಸ್ಟ್‌ನಲ್ಲಿ ಶುರುವಾಗುತ್ತದೆ. ಅಕ್ಟೋಬರ್ ಕೊನೆ, ನವೆಂಬರ್ ಮೊದಲ ವಾರದ ಹೊತ್ತಿಗೆ ಮುಗಿಯುತ್ತದೆ. ಪಿಯು ಎರಡನೇ ವರ್ಷ ಓದುತ್ತಿರುವಾಗಲೇ ಹಾಕಬಹುದು. ಶುಲ್ಕ ಮಾತ್ರ ಜಾಸ್ತಿ. ಕಳೆದ ಕೆಲವು ವರ್ಷಗಳಿಂದ ಸಾಮಾನ್ಯ ವರ್ಗಕ್ಕೆ 4,000 ರೂಪಾಯಿ, ಎಸ್‌ಸಿ, ಎಸ್‌ಟಿ ಮತ್ತು ಬಿಪಿಎಲ್‌ನವರಿಗೆ 3,500. ಕೂಲಿ ಮಾಡುವ ಮನೆಯವರು ಇಷ್ಟು ಹೊಂದಿಸಲು ಎರಡು ತಿಂಗಳಾದರೂ ಬೇಕು. ಮೀಸಲಾತಿಯನ್ನು ಅರ್ಜಿಯಲ್ಲೇ ನಮೂದಿಸಬೇಕು, ಹಾಗಾಗಿ ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಮೊದಲೇ ಹೋಗಿರಬೇಕು. ಬೆಂಗಳೂರಿನ ಲಾ ಸ್ಕೂಲಿನಲ್ಲಿ, ಕರ್ನಾಟಕದಲ್ಲಿ 10 ವರ್ಷ ಓದಿದವರಿಗೆ ಶೇ 25ರಷ್ಟು ಸೀಟು ಇದೆ. ನಮ್ಮ ಮಕ್ಕಳಿಗೇ ಇರುವ ಈ ವಿಷಯ ನಮ್ಮ ಮಕ್ಕಳಿಗೇ ಗೊತ್ತಿಲ್ಲ. ಕೊನೆಯ ದಿನ ಮುಂದೆ ಹಾಕುತ್ತಾರೆ ಎಂದು ಕಾಯುವವರೂ ಇದ್ದಾರೆ. ಆ ರಾತ್ರಿ ದುಡ್ಡು ಕಟ್ಟುವಾಗ ಸರ್ವರ್ ಸುತ್ತುತ್ತಾ ನಿಂತರೆ ಏನು ಪಾಡು ಎಂಬುದನ್ನು ನನ್ನ ಅಂಗಡಿಯಲ್ಲಿ ಕೂತು ನೋಡಬೇಕು.

ತಯಾರಿಯ ಮಾತು ಬೇರೆಯೇ. ಎರಡು ಗಂಟೆಯಲ್ಲಿ 120 ಪ್ರಶ್ನೆ, ತಪ್ಪಾದರೆ ಕಾಲು ಅಂಕ ಹೋಗುತ್ತದೆ. ಕಾನೂನು ಮೊದಲೇ ಗೊತ್ತಿರಬೇಕಿಲ್ಲ. ಉದ್ದುದ್ದ ಇಂಗ್ಲಿಷ್ ಪ್ಯಾರಾ ಓದಿ ಅರ್ಥ ಮಾಡಿಕೊಂಡು ಉತ್ತರಿಸಬೇಕು. ಗಣಿತವೂ ಹತ್ತನೇ ತರಗತಿ ಮಟ್ಟದ್ದೇ, ಅದೂ ಸ್ವಲ್ಪ. ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಇಲ್ಲ. ಕನ್ನಡ ಮಾಧ್ಯಮದ ಮಗುವಿಗೆ ಆ ಓದಿನ ವೇಗ ಒಂದು ತಿಂಗಳಲ್ಲಿ ಬರುತ್ತದೆಯೇ? ಮೊದಲ ಪಿಯು ಓದುವ ಹುಡುಗಿಯೊಬ್ಬಳು ಈಗ ದಿನಾ ಸಂಜೆ ಬಂದು, ಅಂಗಡಿಗೆ ತರಿಸುವ ಇಂಗ್ಲಿಷ್ ಪೇಪರನ್ನು ಸ್ಟೂಲ್ ಮೇಲೆ ಕೂತು ಓದುತ್ತಾಳೆ. ಮೊದಮೊದಲು ಒಂದು ಸಂಪಾದಕೀಯ ಮುಗಿಸಲು ಅರ್ಧ ಗಂಟೆ ಬೇಕಿತ್ತು. ಈಗ ಹತ್ತು ನಿಮಿಷ ಸಾಕು. ಹಾಳೆ ಮಾತ್ರ ಮಡಚದೆ ಇಟ್ಟು ಹೋಗುತ್ತಾಳೆ.

ಪಿಯು ಇಲಾಖೆಯವರಲ್ಲಿ ನನ್ನ ಕೋರಿಕೆ ಇಷ್ಟೇ. ಪ್ರತಿ ಜೂನ್‌ನಲ್ಲಿ ಎಲ್ಲ ಕಾಲೇಜುಗಳ ನೋಟಿಸ್ ಬೋರ್ಡಿಗೆ ಕ್ಲಾಟ್ ಬಗ್ಗೆ ಒಂದು ಹಾಳೆ ಅಂಟಿಸಲಿ. ಕಲಾ ವಿಭಾಗದ ಕೊಠಡಿಗಳಲ್ಲಿ ತಪ್ಪದೆ ಓದಿ ಹೇಳಲಿ. ನಮ್ಮ ತಾಲ್ಲೂಕಿನ ಕಾಲೇಜುಗಳಿಗೆ ಬೇಕಾದ ಜೆರಾಕ್ಸ್ ಪ್ರತಿಗಳನ್ನು ನಾನೇ ಪುಕ್ಕಟೆ ತೆಗೆದುಕೊಡುತ್ತೇನೆ.

ಜೆರಾಕ್ಸ್ ಅಂಗಡಿಯ ಓದುಗ, ಹಿರೇಕೆರೂರು, ಹಾವೇರಿ ಜಿಲ್ಲೆ