ಮಗಳಿಗೊಂದು ಪತ್ರ: ನಾನು ಕಾದು ಕೂತ 22 ದಿನ

ಚಿ. ಸೌ. ಮಗಳಿಗೆ ಅಮ್ಮನ ಆಶೀರ್ವಾದಗಳು.

ನಿನ್ನೆ ಫೋನಿನಲ್ಲಿ ಮಾತು ಅರ್ಧಕ್ಕೇ ನಿಂತಿತು. ಗೆಳತಿಯ ಮದುವೆಯಲ್ಲಿ ಸ್ಪೀಕರ್ ಪಕ್ಕದಲ್ಲೇ ಕೂತಿದ್ದೆ, ರಾತ್ರಿಯೆಲ್ಲ ಕಿವಿ ಗುಂಯ್ ಅಂತಿತ್ತು, ಮರುದಿನ ಸಂಜೆಗೆ ಸರಿಹೋಯ್ತು ಅಂತ ನೀನು ಅಂದೆ. ಆಮೇಲೆ, ‘ನಿನ್ನ ಎಡಗಿವಿ ಮಾತ್ರ ಯಾಕಮ್ಮ ಸರಿಹೋಗಲಿಲ್ಲ?’ ಅಂತ ಕೇಳಿದೆ. ಅಷ್ಟರಲ್ಲಿ ಕುಕ್ಕರ್ ಕೂಗಿತು, ಮುಂದಿನದು ನನಗೆ ಕೇಳಿಸಲೇ ಇಲ್ಲ. ನಾನು ಸುಮ್ಮನೆ ‘ಹ್ಞೂಂ, ಹ್ಞೂಂ’ ಅಂದೆ. ಅದಕ್ಕೇ ಈ ಕಾಗದ.

ಆವತ್ತು ಬೆಳಗ್ಗೆ ಎದ್ದಾಗ ಎಡಗಿವಿಗೆ ಹತ್ತಿ ತುರುಕಿದ ಹಾಗಿತ್ತು. ನೋವಿಲ್ಲ, ಸೋರಿಲ್ಲ. ನೋವಿದ್ದಿದ್ದರೆ ಅವತ್ತೇ ಓಡುತ್ತಿದ್ದೆ. ಹಿಂದಿನ ವಾರ ನೆಗಡಿಯಾಗಿತ್ತು, ಅದೇ ಕಟ್ಟಿಕೊಂಡಿದೆ ಅಂದುಕೊಂಡೆ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಎರಡು ದಿನ ಬಿಟ್ಟುಕೊಂಡೆ. ಆಮೇಲೆ ಒಂದು ಕ್ಲಿನಿಕ್ಕಿಗೆ ಹೋದರೆ ಟಾರ್ಚ್ ಬಿಟ್ಟು ನೋಡಿ, ನೆಗಡಿಯದ್ದೇ ಎಂದು ಮಾತ್ರೆ ಬರೆದುಕೊಟ್ಟರು. ಕೇಳುವ ಪರೀಕ್ಷೆ ಮಾಡಲಿಲ್ಲ, ಮಾಡಿಸಬೇಕೆಂದು ನನಗೂ ತಿಳಿಯಲಿಲ್ಲ. ಊರಲ್ಲಿ ದೇವರ ಕಾರ್ಯ, ನಿನ್ನ ಅತ್ತೆಯವರು ಬಂದುಹೋಗುವುದು, ಹೀಗೇ ದಿನ ಉರುಳಿತು. ಕಿವಿ ತಜ್ಞರ ಮುಂದೆ ಕೂರುವ ಹೊತ್ತಿಗೆ 22 ದಿನವಾಗಿತ್ತು.

ಅವರು ಟ್ಯೂನಿಂಗ್ ಫೋರ್ಕ್ ಅಂತ, ತಟ್ಟಿದರೆ ನಾದ ಹೊರಡಿಸುವ ಕವಲು ಕಡ್ಡಿಯೊಂದನ್ನು ತಟ್ಟಿ ನನ್ನ ಹಣೆಯ ನಡುವೆ ಇಟ್ಟು, ‘ಯಾವ ಕಡೆ ಕೇಳುತ್ತೆ?’ ಅಂದರು. ಚೆನ್ನಾಗಿದ್ದ ಬಲಗಿವಿಯಲ್ಲಿ ಕೇಳಿತು. ಅವರ ಮುಖ ನೋಡಿಯೇ ನನಗೆ ಅರ್ಥವಾಯಿತು. ಗುಗ್ಗೆ ತುಂಬಿದ್ದರೆ, ಕಿವಿಪರದೆಯ ಹಿಂದೆ ನೀರು ನಿಂತಿದ್ದರೆ, ಆ ನಾದ ಕಟ್ಟಿಕೊಂಡ ಕಿವಿಯಲ್ಲೇ ಜೋರಾಗಿ ಕೇಳಬೇಕಂತೆ. ಸರಿಯಿರುವ ಕಿವಿಗೆ ಹೋದರೆ ತೊಂದರೆ ಒಳಗಿವಿಯಲ್ಲಿ ಅಥವಾ ನರದಲ್ಲಿ. ಬಸವನಹುಳುವಿನ ಚಿಪ್ಪಿನಂತಿರುವ ಆ ಒಳಗಿವಿಯಲ್ಲಿ ಶಬ್ದ ಹಿಡಿಯುವ ರೋಮಕೋಶಗಳು ಸುಮಾರು 15,000 ಮಾತ್ರ. ಸತ್ತವು ಮತ್ತೆ ಹುಟ್ಟುವುದಿಲ್ಲ.

ಹೀಗೆ ಕೆಲವು ಗಂಟೆಗಳಲ್ಲಿ, ಅಥವಾ ಮೂರು ದಿನದೊಳಗೆ ಒಂದು ಕಿವಿ ಕೇಳದಂತಾದರೆ ಅದನ್ನು ತುರ್ತು ಎಂದೇ ನೋಡಬೇಕಂತೆ. ಬಹಳ ಜನರಲ್ಲಿ ಕಾರಣ ಸಿಗುವುದೇ ಇಲ್ಲ. ಕೆಲವರಿಗೆ ತಾನಾಗಿಯೇ ಮರಳುತ್ತದೆ. ಆದರೆ ಯಾರಿಗೆ ಮರಳುತ್ತೆ, ಯಾರಿಗಿಲ್ಲ ಎಂದು ಮೊದಲೇ ಹೇಳಲು ಬರುವುದಿಲ್ಲ. ಊತ ಇಳಿಸುವ ಸ್ಟೀರಾಯ್ಡ್ ಔಷಧ ಕೊಡುವುದಾದರೆ ಮೊದಲ ಎರಡು ವಾರದೊಳಗೆ ಶುರುಮಾಡಬೇಕು, ಎಷ್ಟು ಬೇಗವೋ ಅಷ್ಟು ಒಳ್ಳೆಯದು. ನನಗೆ ಆ ಗಡುವು ದಾಟಿತ್ತು. ಕಿವಿಪರದೆಯ ಮೂಲಕ ಅದೇ ಔಷಧದ ಇಂಜೆಕ್ಷನ್ ಕೊಟ್ಟರು, ಅದನ್ನು ಆರು ವಾರದವರೆಗೂ ಪ್ರಯತ್ನಿಸಬಹುದಂತೆ. ಕೇಳುವ ನರದ ಮೇಲೆ ಗಡ್ಡೆ ಇಲ್ಲವೆಂದು ಖಚಿತಪಡಿಸಿಕೊಳ್ಳಲು ಎಂಆರ್‌ಐ ಆಯಿತು. ಸ್ವಲ್ಪ ಮರಳಿ ಬಂತು. ಈಗ ಎಡಗಡೆ ಬಾಗಿಲು ಬಡಿದದ್ದು ಕೇಳುತ್ತದೆ, ಮಾತು ಬಿಡಿಸಿ ಕೇಳುವುದಿಲ್ಲ. ಮೊದಲ ವಾರವೇ ಹೋಗಿದ್ದರೆ ಪೂರ್ತಿ ಬರುತ್ತಿತ್ತೋ ಏನೋ, ಯಾರೂ ಹೇಳಲಾರರು. ಆದರೆ ಆ ಅವಕಾಶವನ್ನು ಕಳೆದುಕೊಂಡವಳು ನಾನು. ಅದು ನಿನಗಾಗಬಾರದು.

ಕಿವಿ ಮಂದವಾದದ್ದು ಎಷ್ಟು ದಿನ ಇರುತ್ತದೆ ಎನ್ನುವುದು ಕಾರಣದ ಮೇಲೆ ನಿಂತಿದೆ ಪುಟ್ಟಿ. ಗುಗ್ಗೆಯಾದರೆ ತೆಗೆದ ಕ್ಷಣವೇ ಸರಿ. ಆದರೆ ಬಡ್ಸ್, ಹೇರ್‌ಪಿನ್ ಹಾಕಬೇಡ, ಅದು ಇನ್ನೂ ಒಳಗೆ ಹೋಗುತ್ತದೆ. ವಿಮಾನ ಇಳಿಯುವಾಗ ಕಟ್ಟಿದ್ದು ಸಾಮಾನ್ಯವಾಗಿ ಅವತ್ತೇ ಬಿಡುತ್ತದೆ, ನೆಗಡಿಯದ್ದು ಒಂದೆರಡು ವಾರ. ಪರದೆ ಸಣ್ಣಗೆ ಹರಿದಿದ್ದರೂ ಬಹುಪಾಲು ಕೆಲವು ವಾರಗಳಲ್ಲಿ ಕೂಡಿಕೊಳ್ಳುತ್ತದೆ, ಅಲ್ಲಿಯವರೆಗೆ ನೀರು, ಎಣ್ಣೆ ಯಾವುದೂ ಹೋಗಕೂಡದು. ನಿನಗಾದ ಹಾಗೆ ಜೋರು ಶಬ್ದದಿಂದ ಆದದ್ದು ಒಂದೆರಡು ದಿನದಲ್ಲಿ ಇಳಿಯುತ್ತದೆ. ಇಳಿಯಿತೆಂದರೆ ಏನೂ ಆಗಿಲ್ಲ ಎಂದಲ್ಲ, ಮತ್ತೆ ಮತ್ತೆ ಆದರೆ ಒಂದು ಸಲ ಮರಳದೇ ಹೋಗುತ್ತದೆ. ಎರಡು ದಿನವಾದರೂ ಗುಂಯ್ ಎನ್ನುವುದು ಬಿಡದಿದ್ದರೆ ಪರೀಕ್ಷೆ ಮಾಡಿಸು.

ಆದರೆ ಒಂದೇ ಕಿವಿ ಇದ್ದಕ್ಕಿದ್ದಂತೆ ಮಂದವಾದರೆ, ಜೊತೆಗೆ ತಲೆ ಗಿರ್ರನೆ ಸುತ್ತಿದರೆ, ತಲೆಗೆ ಪೆಟ್ಟುಬಿದ್ದ ಮೇಲೆ ಕೇಳದಿದ್ದರೆ, ಕಿವಿಯಿಂದ ರಕ್ತ ಬಂದರೆ, ಇದರಲ್ಲಿ ಯಾವುದೊಂದಾದರೂ ಸರಿ, ಅವತ್ತೇ ಹೋಗು. ಮುಖ ಒಂದು ಕಡೆ ಸೊಟ್ಟಗಾದರೆ, ಮಾತು ತೊದಲಿದರೆ ಕಿವಿ ಡಾಕ್ಟರಿಗೆ ಕಾಯಬೇಡ, ನೇರ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೇ ಹೋಗು. ಟಾರ್ಚ್ ಬಿಟ್ಟು ನೋಡಿದರೆ ಸಾಲದು, ‘ಆಡಿಯೋಮೆಟ್ರಿ ಇವತ್ತೇ ಮಾಡಿಸಿ’ ಎಂದು ಬಾಯಿಬಿಟ್ಟು ಕೇಳು, ಕಿವಿ ಎಷ್ಟು ಕೇಳುತ್ತದೆಂದು ಅಳೆಯುವ ಪರೀಕ್ಷೆ ಅದು. ಸಂಕೋಚ ಪಡಬೇಡ.

ಇನ್ನು ನಿನ್ನ ಮಗ. ಕಳೆದ ಸಲ ಬಂದಾಗ ಟಿವಿಗೆ ಮೂಗು ಹಚ್ಚಿ ಕೂರುತ್ತಿದ್ದ, ಮೂರು ಸಲ ಕೂಗಿದ ಮೇಲೆ ತಿರುಗುತ್ತಿದ್ದ. ಹಟ ಎಂದು ನೀನು ಗದರಿದೆ. ನನಗೆ ಹಾಗನ್ನಿಸಲಿಲ್ಲ, ಬೇಸರಪಡಬೇಡ. ಸದಾ ನೆಗಡಿ ಇರುವ ಮಕ್ಕಳಿಗೆ ಪರದೆಯ ಹಿಂದೆ ಅಂಟಾದ ದ್ರವ ನಿಲ್ಲುತ್ತದೆ. ನೋವೇ ಇರುವುದಿಲ್ಲ, ಮಗುವೂ ಹೇಳುವುದಿಲ್ಲ. ಹೆಚ್ಚಿನವರಿಗೆ ಮೂರು ತಿಂಗಳೊಳಗೆ ತಾನೇ ಆರುತ್ತದೆ, ಆರದಿದ್ದರೆ ಮಾತು ಕಲಿಯುವ ವಯಸ್ಸಿನಲ್ಲಿ ಅಕ್ಷರಗಳೇ ತಪ್ಪಿಹೋಗುತ್ತವೆ. ‘ತಟ್ಟೆ’ಗೆ ಅವನು ‘ಅಟ್ಟೆ’ ಅನ್ನುವುದು ನಮಗೆಲ್ಲ ಮುದ್ದಾಗಿತ್ತು, ಈಗ ಅದನ್ನೇ ಯೋಚಿಸುತ್ತಿದ್ದೇನೆ. ಅವನನ್ನು ಈ ವಾರವೇ ತೋರಿಸು. ದಸರಾ ರಜೆಗೆ ಹೇಗೂ ಮೈಸೂರಿಗೆ ಬರುತ್ತೀರಲ್ಲ, ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ಒಮ್ಮೆ ನೋಡಿಸೋಣ, ನಾನೇ ಜೊತೆಗೆ ಬರುತ್ತೇನೆ. ಅಲ್ಲಿಯವರೆಗೆ ಅವನನ್ನು ಗದರಬೇಡ. ಎದುರಿಗೆ ಕೂತು, ಮುಖ ನೋಡಿ ಮಾತಾಡು.

ಪರೀಕ್ಷೆಯಾದ ದಿನ ಫೋನ್ ಮಾಡು, ಎಷ್ಟು ಹೊತ್ತಾದರೂ ಸರಿ. ಕುಕ್ಕರ್ ಆರಿಸಿ, ಬಲಗಿವಿಗೆ ಹಿಡಿದುಕೊಂಡೇ ಕೂತಿರುತ್ತೇನೆ.

ಇಂತಿ,
ನಿನ್ನ ಅಮ್ಮ