ಪೆಟ್ರೋಲ್ ಲೈನ್ ಕೆಲಸ ಇನ್ನು ಕಡ್ಡಾಯ: ನಮ್ಮ ಫಿಯಟ್, ಪದ್ಮಿನಿ ಗ್ರಾಹಕರಿಗೆ

ಮಾನ್ಯ ಗ್ರಾಹಕರೇ,

ರ‍್ಯಾಲಿ ಮಾದರಿಗೆ ನಾವು ಸಿದ್ಧ ಮಾಡುವ ಪ್ರತಿ ಗಾಡಿಗೂ ಈ ತಿಂಗಳಿಂದ ಪೆಟ್ರೋಲ್ ಲೈನ್ ಕೆಲಸ, ಅಂದರೆ ಟ್ಯಾಂಕ್, ಪೈಪು, ಪಂಪು, ಕಾರ್ಬೊರೇಟರ್‌ಗಳ ಕೆಲಸ, ಕಡ್ಡಾಯ. ಅದು ಬೇಡ, ಟಿಂಕರಿಂಗ್, ಪೇಂಟಿಂಗ್, ಸಸ್ಪೆನ್ಷನ್ ಅಷ್ಟೇ ಸಾಕು ಅನ್ನುವವರ ಗಾಡಿ ತೆಗೆದುಕೊಳ್ಳುವುದಿಲ್ಲ. ಒಟ್ಟು ದರಕ್ಕೆ 14,500 ರೂಪಾಯಿ ಸೇರುತ್ತದೆ. ಮುಂಗಡ ಕೊಟ್ಟು ಸರದಿಗೆ ಕಾಯುತ್ತಿರುವವರಿಗೆ ನಡುವೆಯೇ ಹೀಗೆ ಹೇಳಬೇಕಾಗಿ ಬಂದಿದೆ, ಕ್ಷಮಿಸಿ. ಒಪ್ಪಿಗೆಯಾಗದಿದ್ದರೆ ಮುಂಗಡ ಪೂರ್ತಿ ವಾಪಸ್ ಕೊಡುತ್ತೇವೆ, ಮನಸ್ತಾಪ ಬೇಡ.

ಪದೇ ಪದೇ ಕೇಳಿಬರುತ್ತಿರುವ ದೂರು ಒಂದೇ. “ನಿಮ್ಮಲ್ಲಿಂದ ತಂದ ಗಾಡಿ ಘಾಟಿಯಲ್ಲಿ ಮಿಸ್ ಹೊಡೆಯುತ್ತೆ, ನಿಲ್ಲಿಸಿದ್ರೆ ಮತ್ತೆ ಸ್ಟಾರ್ಟ್ ಆಗಲ್ಲ, ಜೊತೆಗೆ ಪೆಟ್ರೋಲ್ ವಾಸನೆ.” ಇದಕ್ಕೆ ನಮ್ಮ ಇಂಜಿನ್ ಕೆಲಸ ಕಾರಣವಲ್ಲ. ಬದಲಾದದ್ದು ಪೆಟ್ರೋಲ್. ಶೇ. 20ರಷ್ಟು ಎಥನಾಲ್ ಬೆರೆತ ಇ20 ಪೆಟ್ರೋಲ್ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. ಈಗ ಬಂಕ್‌ಗಳಲ್ಲಿ ಸಿಗುವುದೇ ಅದು. ನಿಮ್ಮ ಫಿಯಟ್, ಪದ್ಮಿನಿಯ 1089 ಸಿಸಿ ಇಂಜಿನ್ ಅದಕ್ಕಾಗಿ ಮಾಡಿದ್ದಲ್ಲ.

ಎಥನಾಲ್‌ನೊಳಗೇ ಆಮ್ಲಜನಕ ಇರುವುದರಿಂದ ಅಷ್ಟೇ ಗಾಳಿಗೆ ಶೇ. 7–8ರಷ್ಟು ಹೆಚ್ಚು ಇಂಧನ ಬೇಕು. ಹೊಸ ಗಾಡಿಗಳಲ್ಲಿ ಸೆನ್ಸರ್ ನೋಡಿಕೊಂಡು ಇಂಜೆಕ್ಷನ್ ಸರಿಪಡಿಸಿಕೊಳ್ಳುತ್ತದೆ. ನಿಮ್ಮ ಗಾಡಿಯಲ್ಲಿ ಗಾಳಿಗೆ ಪೆಟ್ರೋಲ್ ಬೆರೆಸುವ ಸೋಲೆಕ್ಸ್ ಕಾರ್ಬೊರೇಟರ್‌ಗೆ ಆ ಬುದ್ಧಿ ಇಲ್ಲ, ಪೆಟ್ರೋಲ್ ಹಾಯುವ ಜೆಟ್ಟಿನ ತೂತು ಎಷ್ಟಿದೆಯೋ ಅಷ್ಟೇ ಬಿಡುತ್ತದೆ. ಪ್ಲಗ್ ಬಿಚ್ಚಿ ನೋಡಿ: ಕಂದು ಬಣ್ಣಕ್ಕಿರಬೇಕಾದ ತುದಿ ಪೆಟ್ರೋಲ್ ಸಾಲದೆ ಸುಣ್ಣದಂತೆ ಬೆಳ್ಳಗಾಗಿರುತ್ತದೆ. ಹಾಗೇ ಓಡಿಸಿದರೆ ವಾಲ್ವ್ ಸುಡುತ್ತದೆ. ಆದ್ದರಿಂದ ಮೇನ್ ಜೆಟ್‌ನ ತೂತು 0.05 ಮಿ.ಮೀ. ದೊಡ್ಡದಿರುವುದನ್ನು ಹಾಕಿ, ಗಾಡಿ ಓಡಿಸಿ, ಮತ್ತೆ ಪ್ಲಗ್ ನೋಡಿ ತೀರ್ಮಾನಿಸುತ್ತೇವೆ.

ಇನ್ನು ರಬ್ಬರ್. ಹಳೆಯ ಪೈಪು, ಪಂಪಿನ ಡಯಾಫ್ರಂ (ಒಳಗಿನ ರಬ್ಬರ್ ಪೊರೆ) ಎಥನಾಲ್‌ಗೆ ಉಬ್ಬಿ ಮೆತ್ತಗಾಗುತ್ತವೆ, ಒಣಗಿದಾಗ ಬಿರಿಯುತ್ತವೆ. ವಾಸನೆ ಬರುವುದು ಅಲ್ಲಿಂದ, ಬೆಂಕಿ ಹತ್ತುವುದೂ ಅಲ್ಲಿಂದಲೇ. ಇವಕ್ಕೆ ವೈಟಾನ್ ಎಂಬ ಬೇರೆ ಬಗೆಯ ರಬ್ಬರಿನ ಡಯಾಫ್ರಂ, ಎಥನಾಲ್ ತಡೆಯುವ ಪೈಪೇ ಆಗಬೇಕು. ಟ್ಯಾಂಕ್ ಇಳಿಸದೆ ವಿಧಿಯಿಲ್ಲ, ಏಕೆಂದರೆ ತಳದಲ್ಲಿ ವರ್ಷಗಟ್ಟಲೆ ಕೂತ ಅಂಟು, ತುಕ್ಕನ್ನು ಎಥನಾಲ್ ಎಬ್ಬಿಸಿ ಜೆಟ್ಟಿಗೆ ತಂದು ತುಂಬುತ್ತದೆ. ಗಾಡಿ ಒಯ್ದ ಮೇಲೂ ಮೊದಲ 500 ಕಿ.ಮೀ.ಗೆ ಫಿಲ್ಟರ್ ಬದಲಿಸಲೇಬೇಕು.

ನಿಲ್ಲಿಸಿದ ಮೇಲೆ ಸ್ಟಾರ್ಟ್ ಆಗದಿರುವುದು ಬಿಸಿಯಿಂದ. ಪಂಪ್ ಇರುವುದು ಇಂಜಿನ್ ಬ್ಲಾಕ್‌ನ ಮೇಲೆಯೇ. ಆಗುಂಬೆಯ 14 ತಿರುವುಗಳನ್ನು ಫಸ್ಟ್, ಸೆಕೆಂಡ್ ಗೇರಿನಲ್ಲಿ ಹತ್ತಿ, ಸೂರ್ಯಾಸ್ತ ನೋಡಲೆಂದು ಆಫ್ ಮಾಡಿದರೆ ಪಂಪಿನೊಳಗಿನ ಪೆಟ್ರೋಲ್ ಆವಿಯಾಗುತ್ತದೆ. ಆವಿಯನ್ನು ಪಂಪ್ ಎಳೆಯಲಾರದು. ಬಿಸಿ ತಾಗದಿರಲೆಂದು ಕೆಲವರು ಪಂಪಿನ ಕೆಳಗೆ ದಪ್ಪ ಪ್ಯಾಕಿಂಗ್ ಹಾಕಿಸಿಕೊಂಡು ಬರುತ್ತಾರೆ. ದಯವಿಟ್ಟು ಬೇಡ. ಆಗ ಪಂಪನ್ನು ನಡೆಸುವ ರಾಡ್ ಪೂರ್ತಿ ಒತ್ತುವುದಿಲ್ಲ, ಏರಿನಲ್ಲಿ ಪೆಟ್ರೋಲೇ ಸಾಲುವುದಿಲ್ಲ. ನಾವು ಪೈಪನ್ನು ಸೈಲೆನ್ಸರ್ ಕಡೆಯಿಂದ ದೂರ ಸರಿಸಿ, ನಡುವೆ ತಗಡಿನ ತಡೆ ಕೊಡುತ್ತೇವೆ.

“ಫ್ರಾನ್ಸಿನವರು ಆಲ್ಪೀನ್ ಎ110 ಅನ್ನು ಹೊಸದಾಗಿ ತಂದಿಲ್ಲವೇ, ನೀವೂ ಹೊಸ ಇಂಜಿನ್ ಕೂರಿಸಿ” ಎನ್ನುವವರಿದ್ದಾರೆ. 1973ರಲ್ಲಿ ತಯಾರಕರ ಮೊದಲ ವಿಶ್ವ ರ‍್ಯಾಲಿ ಪಟ್ಟ ಗೆದ್ದ ಗಾಡಿ ಅದು, ನಮಗೂ ಅಚ್ಚುಮೆಚ್ಚು. ಆದರೆ 2017ರಲ್ಲಿ ಬಂದದ್ದು ಹೆಸರು, ಆಕಾರ ಮಾತ್ರ ಹಳೆಯದಾದ, ಅಲ್ಯೂಮಿನಿಯಂ ಚಾಸಿಯ ಪೂರ್ತಿ ಹೊಸ ಗಾಡಿ. ಹಿಂದಿನ ಆಕ್ಸಲ್‌ನ ಆಚೆಗಿದ್ದ ಇಂಜಿನ್ ಅದರ ಮುಂದಕ್ಕೆ ಬಂತು, 1.8 ಲೀಟರ್ ಟರ್ಬೊ ಬಂತು. ಅದು ಕಾರ್ಖಾನೆಯ ಕೆಲಸ. ನಿಮ್ಮದು ಆರ್‌ಸಿ ಇರುವ ಗಾಡಿ, ಗಾಡಿಯ ಮಾರ್ಪಾಡಿಗೆ ಮಿತಿ ಹಾಕುವ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಅದಕ್ಕೆ ಅನ್ವಯಿಸುತ್ತದೆ. ಮನಸ್ಸಿಗೆ ಬಂದ ಇಂಜಿನ್ ಕೂರಿಸಿದರೆ ಎಫ್‌ಸಿಯೂ ಕಷ್ಟ, ಅಪಘಾತವಾದರೆ ಇನ್ಶೂರೆನ್ಸೂ ಕಷ್ಟ. ಅದಕ್ಕಿಂತ, ಹಳೆಯ ಇಂಜಿನ್ ಇಂದಿನ ಪೆಟ್ರೋಲಿನಲ್ಲಿ ಸಲೀಸಾಗಿ ಘಾಟಿ ಹತ್ತುವಂತೆ ಮಾಡುವುದು ನಮಗೆ ಗೊತ್ತು. ಈ ಕೆಲಸದ ಬಗ್ಗೆ ನಮಗೆ ಹೆಮ್ಮೆಯೂ ಇದೆ.

ಜಿಎಸ್‌ಟಿ ಇಳಿದರೂ ದರ ಏಕೆ ಏರಿತು ಎಂದು ಕೇಳಿದವರಿಗೆ: 2025ರ ಸೆಪ್ಟೆಂಬರ್ 22ರಿಂದ ಶೇ. 28 ಇದ್ದ ಬಿಡಿಭಾಗಗಳು 18ಕ್ಕೆ ಬಂದದ್ದು ನಿಜ. ಮಜೂರಿಯ ಮೇಲೆ ಮೊದಲೂ 18, ಈಗಲೂ 18. ಈ ಕೆಲಸದಲ್ಲಿ ಸಾಮಾನಿಗಿಂತ ಮಜೂರಿಯೇ ಹೆಚ್ಚು. ಟ್ಯಾಂಕ್ ಇಳಿಸಿ, ಆವಿ ತೆಗೆದು, ತೊಳೆದು, ಒಣಗಿಸಿ, ಸೋರಿಕೆ ನೋಡಿ ಕೂರಿಸುವುದು ಅವಸರದಲ್ಲಿ ಮುಗಿಸುವ ಕೆಲಸವಲ್ಲ.

ಕಳೆದ ಒಂದು ವರ್ಷದಲ್ಲಿ ಗಾಡಿ ಒಯ್ದವರಿಗೆ ಮಜೂರಿ ಇಲ್ಲ, ಸಾಮಾನಿನ ಹಣ ಕೊಟ್ಟರೆ ಸಾಕು. ಪೆಟ್ರೋಲ್ ವಾಸನೆ ಬರುತ್ತಿದ್ದರೆ ಓಡಿಸಿಕೊಂಡು ಬರಬೇಡಿ, ಫೋನ್ ಮಾಡಿ, ನಾವೇ ಬಂದು ನೋಡುತ್ತೇವೆ. ಮಳೆಗಾಲದಲ್ಲಿ ಗಾಡಿ ನಿಲ್ಲಿಸಿಡುವವರು ಟ್ಯಾಂಕ್ ಅರ್ಧ ಬಿಡದೆ ತುಂಬಿಸಿಡಿ. ನಮ್ಮ ಥಂಡಿಗೆ ಎಥನಾಲ್ ನೀರು ಹೀರಿ ತಳಕ್ಕೆ ಇಳಿಯುತ್ತದೆ, ಪೈಪ್ ಎಳೆಯುವುದು ತಳದಿಂದಲೇ. ಈ ಕೆಲಸಕ್ಕೆ ತರುವಾಗ ಮಾತ್ರ ಕಾಲು ಟ್ಯಾಂಕಿಗಿಂತ ಹೆಚ್ಚು ಪೆಟ್ರೋಲ್ ಬೇಡ.

ನಿಮ್ಮ ವಿಶ್ವಾಸದ,
ಗ್ಯಾರೇಜ್ ಬಳಗ, ಶಿವಮೊಗ್ಗ