ಮಂಜುಗೆ, ಭಾನುವಾರದ ಕೂಲಿ ಬಗ್ಗೆ

ಪ್ರೀತಿಯ ಮಂಜು,

ಮೊನ್ನೆ ನೀನು ಫೋನಿನಲ್ಲಿ ಹೇಳಿದ್ದು ತಲೆಯಿಂದ ಹೋಗುತ್ತಿಲ್ಲ. ನಿಮ್ಮ ಫ್ಯಾಕ್ಟರಿಯಲ್ಲಿ ಕೂಲಿಯ ಹೊಸ ಸೆಟಲ್‌ಮೆಂಟ್ ಆಗುತ್ತಿದೆ, ಬೇಸಿಕ್ ಚೆನ್ನಾಗಿ ಏರುತ್ತದೆ, ಆದರೆ ನೈಟ್ ಶಿಫ್ಟ್ ಅಲೋಯನ್ಸ್ ಅದರೊಳಗೇ ಸೇರಿಹೋಗುತ್ತದೆ ಅಂದೆ. "ಒಟ್ಟಾರೆ ಲಾಭವೇ ಅಂತಿದ್ದಾರೆ ಯೂನಿಯನ್ ಲೀಡರುಗಳು, ನೀನೇನಂತೀಯ?" ಅಂತ ಕೇಳಿದೆ. ನಾನು ಕೆಲಸಕ್ಕೆ ಹೊರಟಿದ್ದೆ, ಸರಿಯಾಗಿ ಉತ್ತರ ಕೊಡಲಿಲ್ಲ. ಇಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಹತ್ತಿರದಿಂದ ಕಂಡ ಒಂದು ವಿಷಯ ಇದೆ, ಅದನ್ನು ಬರೆಯುತ್ತೇನೆ. ನಿನ್ನಂಥವರು ಇನ್ನೂ ಇರುತ್ತಾರಲ್ಲ, ಅದಕ್ಕೇ ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ.

ಇಲ್ಲಿ ಶನಿವಾರ, ಭಾನುವಾರ, ಸರ್ಕಾರಿ ರಜೆಯ ದಿನ ಕೆಲಸ ಮಾಡಿದರೆ ಗಂಟೆಗೆ ಜಾಸ್ತಿ ಕೊಡಬೇಕು. ಅದಕ್ಕೆ ಪೆನಾಲ್ಟಿ ರೇಟ್ ಅಂತ ಹೆಸರು. ದಂಡ ಬೀಳುವುದು ಮಾಲೀಕನಿಗೆ. ಊರೆಲ್ಲ ಮನೆಯಲ್ಲಿರುವಾಗ ಒಬ್ಬನನ್ನು ಕೆಲಸಕ್ಕೆ ಕರೆಸಿಕೊಂಡಿದ್ದಕ್ಕೆ. ಇದು ನಿಮ್ಮ ಓಟಿ ಥರ ಅಲ್ಲ. ಓಟಿ ಸಿಗುವುದು ಹೊತ್ತು ಮೀರಿ ದುಡಿದರೆ. ಇದು ಸಿಗುವುದು ಯಾವ ದಿನ ದುಡಿದೆ ಅನ್ನುವುದಕ್ಕೆ.

2017ರಲ್ಲಿ ನಾನು ಇಲ್ಲೇ ಮೆಲ್ಬರ್ನಿನ ಕ್ಲೇಟನ್‌ನಲ್ಲಿ ರೂಮು ಮಾಡಿಕೊಂಡು ಓದುತ್ತಿದ್ದೆ, ನೆನಪಿದೆಯಲ್ಲ? ಭಾನುವಾರ ಒಂದು ಸೂಪರ್‌ಮಾರ್ಕೆಟ್ಟಿನಲ್ಲಿ ಕೆಲಸ. ಪಕ್ಕದ ಕೌಂಟರಿನಲ್ಲಿ ಶ್ರೀಲಂಕಾದ ಒಬ್ಬ ತಮಿಳು ಹೆಂಗಸು ಇದ್ದರು. ಅಕ್ಕ ಅಂತಲೇ ಕರೆಯುತ್ತಿದ್ದೆ. ಅವರದು ಪರ್ಮನೆಂಟ್ ಕೆಲಸ. ಆ ಅಂಗಡಿಯಲ್ಲಿ ಯೂನಿಯನ್ ಒಪ್ಪಂದ ಇರಲಿಲ್ಲ. ಕೂಲಿಯೆಲ್ಲ ಅವಾರ್ಡ್ ಪ್ರಕಾರ, ಅಂದರೆ ಅಂಗಡಿ ಕೆಲಸಗಾರರಿಗೆಲ್ಲ ಫೇರ್ ವರ್ಕ್ ಕಮಿಷನ್ ಅನ್ನುವ ಇಲ್ಲಿನ ಕಾರ್ಮಿಕ ನ್ಯಾಯಮಂಡಳಿ ಗೊತ್ತುಮಾಡಿದ ಕನಿಷ್ಠ ದರ. ಮಾಮೂಲಿ ದಿನ ಗಂಟೆಗೆ 19.44 ಡಾಲರ್, ಭಾನುವಾರ ಅದರ ಎರಡರಷ್ಟು, 38.88.

ಫೆಬ್ರವರಿ 23ರಂದು ಕಮಿಷನ್ ತೀರ್ಪು ಕೊಟ್ಟಿತು. ಅಂಗಡಿ, ಹೋಟೆಲ್, ಫಾಸ್ಟ್ ಫುಡ್, ಮೆಡಿಕಲ್ ಶಾಪ್ ಕೆಲಸಗಾರರ ಭಾನುವಾರದ ದರ ಇಳಿಸಬೇಕು ಅಂತ. ಅಕ್ಕನಂಥವರಿಗೆ ಎರಡರಷ್ಟು ಇದ್ದದ್ದು ಒಂದೂವರೆಯಷ್ಟು. ಆ ಭಾನುವಾರ ಊಟದ ಹೊತ್ತಿನಲ್ಲಿ ಅಕ್ಕ ಪರ್ಸಿನಿಂದ ನಾಲ್ಕು ಮಡಿಕೆಯ ಪೇಸ್ಲಿಪ್ ತೆಗೆದರು. ಭಾನುವಾರದ ಸಾಲಿನ ಕೆಳಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದಿದ್ದರು. "ಇದೊಂದೇ ಸಾಲಿನಲ್ಲಿ ನನ್ನ ಮಗಳ ಟ್ಯೂಷನ್ ಇದೆ" ಅಂದರು. ಪೇಪರ್ ಟವೆಲ್ಲಿನ ಮೇಲೆ ಇಬ್ಬರೂ ಲೆಕ್ಕ ಹಾಕಿದೆವು. ಎಂಟು ಗಂಟೆಗೆ 77 ಡಾಲರ್ ಚಿಲ್ಲರೆ ಹೋಗುತ್ತದೆ.

ಆದರೆ ಒಂದೇ ಸಲ ಕತ್ತರಿಸಲಿಲ್ಲ ಕಣೋ. ಎರಡರಷ್ಟು ಅಂದರೆ ಶೇಕಡಾ 200 ಅಲ್ಲವಾ, ಅದರಲ್ಲಿ ಮೊದಲ ವರ್ಷ 5 ಪಾಯಿಂಟ್ ಇಳಿಸಿದರು, ಆಮೇಲೆ ವರ್ಷಕ್ಕೆ 15ರಂತೆ, 2020ರವರೆಗೆ. ಪ್ರತಿ ಜುಲೈನಲ್ಲಿ ಕನಿಷ್ಠ ಕೂಲಿಯೂ ಸ್ವಲ್ಪ ಏರುತ್ತದಲ್ಲ, ಅದೇ ದಿನ ಇದೂ ಇಳಿಯುತ್ತಿತ್ತು. ಹಾಗಾಗಿ ಮೊದಲ ವರ್ಷ ಅಕ್ಕನ ಭಾನುವಾರದ ದರ 39.16 ಆಯಿತು. ಜಾಸ್ತಿಯೇ ಆಗಿದೆ! "ಸುಮ್ನೆ ಹೆದರಿಸಿದರು" ಅಂದುಕೊಂಡೆವು. ಮರುವರ್ಷ 37.42. 2020ಕ್ಕೆ 32.12. ಅಷ್ಟು ಹೊತ್ತಿಗೆ ಮಾಮೂಲಿ ದರ 21.41 ಆಗಿತ್ತು. ಹಳೇ ಲೆಕ್ಕವೇ ಉಳಿದಿದ್ದರೆ ಭಾನುವಾರ 42ರ ಮೇಲೆ ಸಿಗಬೇಕಿತ್ತು. ಬೇಸಿಕ್ ಏರುತ್ತಾ ಇತ್ತು, ಭಾನುವಾರ ಕರಗುತ್ತಾ ಇತ್ತು. ನಿನ್ನ ಮಾತು ಕೇಳಿದ ಕೂಡಲೇ ನನಗೆ ನೆನಪಾದದ್ದು ಇದೇ.

ಮಾಲೀಕರ ವಾದದಲ್ಲೂ ಹುರುಳಿಲ್ಲ ಅಂತ ನಾನು ಹೇಳುವುದಿಲ್ಲ. ಗಂಡ ಹೆಂಡತಿ ನಡೆಸುವ ಸಣ್ಣ ಅಂಗಡಿಗೆ ಭಾನುವಾರ ಆಳು ಇಟ್ಟು ಬಾಗಿಲು ತೆಗೆಯುವುದು ಕಷ್ಟವೇ. ದರ ಇಳಿದರೆ ಹೆಚ್ಚು ಹೊತ್ತು ತೆರೆಯುತ್ತೇವೆ, ಹೆಚ್ಚು ಜನಕ್ಕೆ ಕೆಲಸ ಕೊಡುತ್ತೇವೆ ಅಂದರು. ಎರಡು ವರ್ಷ ಕಳೆದ ಮೇಲೆ ಸಣ್ಣ ವ್ಯಾಪಾರಿಗಳ ಒಕ್ಕೂಟದ ಮುಖ್ಯಸ್ಥ ಪೀಟರ್ ಸ್ಟ್ರಾಂಗ್ ಅವರೇ ಇದರಿಂದ ಹೊಸ ಕೆಲಸ ಹುಟ್ಟಲಿಲ್ಲ ಅಂತ ಒಪ್ಪಿಕೊಂಡರು. ಅಕ್ಕನ ದುಡ್ಡು ಮಾತ್ರ ಹೋದದ್ದು ಹೋಯಿತು.

ಇಷ್ಟು ಒಂದು ಕಡೆಯ ಕತೆ. ಇನ್ನೊಂದು ಕಡೆಯದು ಹೇಳಲು ನನಗೆ ಸಂಕಟ. ಯಾಕೆಂದರೆ ನಾನು ಯೂನಿಯನ್ ಪರ, ಇವತ್ತಿಗೂ.

ಆಗ ವಿರೋಧ ಪಕ್ಷವಾಗಿದ್ದ ಲೇಬರ್ ಪಕ್ಷದ ನಾಯಕ ಬಿಲ್ ಶಾರ್ಟನ್ ಈ ತೀರ್ಪನ್ನು ಕಾನೂನು ತಂದು ತಡೆಯುತ್ತೇವೆ ಅಂದರು. ಆಗಿನ ಪ್ರಧಾನಿ ಮಾಲ್ಕಮ್ ಟರ್ನ್‌ಬುಲ್ ಕಡೆಯವರು ತಕ್ಷಣ ಕ್ಲೀನ್‌ಇವೆಂಟ್ ಹೆಸರು ಎತ್ತಿದರು. ಅದು ಕ್ಲೀನಿಂಗ್ ಕಂಪನಿ. ಶಾರ್ಟನ್ ಎಡಬ್ಲ್ಯೂಯು ಯೂನಿಯನ್ನಿನ ರಾಷ್ಟ್ರೀಯ ಕಾರ್ಯದರ್ಶಿಯಾಗಿದ್ದ ಕಾಲದಲ್ಲಿ ಆ ಕಂಪನಿ ಜೊತೆ ಆದ ಒಪ್ಪಂದದಲ್ಲಿ ಕಸ ಗುಡಿಸುವವರ ಪೆನಾಲ್ಟಿ ರೇಟ್ ಬಿಟ್ಟುಕೊಡಲಾಗಿತ್ತು. ಪ್ರಧಾನಿ ಕಡೆಯವರು ಹೀಗೆ ಕೆದಕಿದ್ದು ಕೆಲಸಗಾರರ ಮೇಲಿನ ಪ್ರೀತಿಯಿಂದ ಖಂಡಿತಾ ಅಲ್ಲ. ಆದರೂ ಕೆದಕಿದ್ದರಲ್ಲಿ ಸತ್ಯ ಇತ್ತು.

ಅದಕ್ಕಿಂತ ದೊಡ್ಡದು ಕೋಲ್ಸ್ ಸೂಪರ್‌ಮಾರ್ಕೆಟ್ಟಿನದು. ಅಂಗಡಿ ಕೆಲಸಗಾರರ ದೊಡ್ಡ ಯೂನಿಯನ್ ಎಸ್‌ಡಿಎ ಕೋಲ್ಸ್ ಜೊತೆ ಒಪ್ಪಂದ ಮಾಡಿಕೊಂಡಿತ್ತು. ಸುಮಾರು 77,000 ಜನಕ್ಕೆ ಸಂಬಂಧಪಟ್ಟ ಒಪ್ಪಂದ. ಬೇಸಿಕ್ ಅವಾರ್ಡಿಗಿಂತ ಸ್ವಲ್ಪ ಮೇಲೆ, ರಾತ್ರಿ ಮತ್ತು ವಾರಾಂತ್ಯದ ದರ ಅವಾರ್ಡಿಗಿಂತ ಕೆಳಗೆ. ಹಗಲು ಪಾಳಿಯವರಿಗೆ ಲಾಭ. ಹೆಚ್ಚಾಗಿ ರಾತ್ರಿಯೋ ಭಾನುವಾರವೋ ಬರುವವರಿಗೆ ನಷ್ಟ. ಮತ ಹಾಕಿಸಿದರು, ಪಾಸಾಯಿತು. ಬ್ರಿಸ್ಬೇನಿನ ಒಬ್ಬ ಪಾರ್ಟ್ ಟೈಮ್ ಕೆಲಸಗಾರ ತನ್ನ ಲೆಕ್ಕ ಹಿಡಿದುಕೊಂಡು ಕಮಿಷನ್ನಿಗೆ ಹೋದ. ಇಲ್ಲಿನ ಕಾನೂನಿನಲ್ಲಿ ಒಪ್ಪಂದದಿಂದ ಪ್ರತಿಯೊಬ್ಬನಿಗೂ ಅವಾರ್ಡಿಗಿಂತ ಮೇಲಾಗಬೇಕು. ಬಹಳ ಜನಕ್ಕೆ ಆದರೆ ಸಾಲದು, ಪ್ರತಿಯೊಬ್ಬನಿಗೂ. 2016ರ ಮೇ ತಿಂಗಳಲ್ಲಿ ಅವನು ಗೆದ್ದ. ಅವನು ಒಂದು ಕಡೆ, ಅಷ್ಟು ದೊಡ್ಡ ಕಂಪನಿ ಮತ್ತು ಯೂನಿಯನ್ ಎರಡೂ ಇನ್ನೊಂದು ಕಡೆ. ಇದನ್ನು ಬರೆಯುವಾಗಲೂ ಹೊಟ್ಟೆ ಉರಿಯುತ್ತದೆ ಮಂಜು. ಅವನ ಪಕ್ಕದಲ್ಲಿ ನಿಲ್ಲಬೇಕಾದವರು ಯಾರು, ನಿಂತದ್ದೆಲ್ಲಿ?

ಮಾಲೀಕ ಕಿತ್ತುಕೊಂಡರೆ ಗಲಾಟೆ ಆಗುತ್ತದೆ, ಬೋರ್ಡು ಹಿಡಿದು ಬೀದಿಗೆ ಬರುತ್ತೇವೆ. ನಮ್ಮವರೇ ಸಹಿ ಹಾಕಿ ಬಿಟ್ಟುಕೊಟ್ಟದ್ದು ಎಷ್ಟೋ ವರ್ಷ ಯಾರ ಬಾಯಲ್ಲೂ ಬರಲಿಲ್ಲ.

2019ರ ಚುನಾವಣೆಯಲ್ಲಿ ಲೇಬರ್ ಸೋತಿತು, ಇಳಿಕೆ ಹಾಗೇ ನಿಂತಿತು. 2025ರಲ್ಲಿ ಅವರದೇ ಸರ್ಕಾರ ಅವಾರ್ಡಿನಲ್ಲಿರುವ ಪೆನಾಲ್ಟಿ ರೇಟ್ ಇನ್ನು ಇಳಿಸಬಾರದು ಅಂತ ಕಾನೂನು ತಂದಿತು. ಒಳ್ಳೆಯದೇ. ಆದರೆ ಹೋದದ್ದು ವಾಪಸ್ ಬಂದಿಲ್ಲ. ಅಂಗಡಿಯ ಪರ್ಮನೆಂಟ್ ಕೆಲಸಗಾರರಿಗೆ ಭಾನುವಾರ ಈಗಲೂ ಒಂದೂವರೆಯಷ್ಟೇ.

ಈಗ ನಿನ್ನ ಪ್ರಶ್ನೆ. ಸೆಟಲ್‌ಮೆಂಟ್ ಬೇಡ ಅನ್ನು ಅಂತ ನಾನು ಹೇಳುತ್ತಿಲ್ಲ. ನಿನ್ನ ಲೀಡರುಗಳು ಕೆಟ್ಟವರು ಅಂತಲೂ ಅಲ್ಲ. ಒಟ್ಟಾರೆ ಲಾಭ ಅಂದಾಗ ಯಾರ ಲೆಕ್ಕ ಇಟ್ಟುಕೊಂಡು ಹೇಳಿದರು, ಅದನ್ನು ಕೇಳು. ಜನರಲ್ ಶಿಫ್ಟಿನವರದಾ, ತಿಂಗಳಲ್ಲಿ ಹದಿನೈದು ರಾತ್ರಿ ಮಾಡುವವರದಾ? ಮೀಟಿಂಗ್ ಯಾವ ಹೊತ್ತಿಗೆ ಇಟ್ಟಿದ್ದಾರೆ? ಬೆಳಿಗ್ಗೆ ಹತ್ತಕ್ಕೆ ಇಟ್ಟರೆ ನೈಟ್ ಮುಗಿಸಿದವರು ಮಲಗಿರುತ್ತಾರೆ, ಅಲ್ವಾ? ಆಮೇಲೆ ಮುಂದಿನ ಸೆಟಲ್‌ಮೆಂಟಿನಲ್ಲಿ ಹೋಗಿ ನೈಟ್ ಅಲೋಯನ್ಸ್ ಕೇಳಿದರೆ, "ಅದು ಆಗಲೇ ಬೇಸಿಕ್‌ನಲ್ಲಿದೆಯಲ್ಲ" ಅನ್ನುತ್ತಾರೆ.

ಒಂದು ಕೆಲಸ ಮಾಡು. ನಿಮ್ಮಲ್ಲಿ ಅತಿ ಹೆಚ್ಚು ನೈಟ್ ಮಾಡುವವನು ಯಾರೋ, ಅವನ ಕಳೆದ ಮೂರು ತಿಂಗಳ ಪೇಸ್ಲಿಪ್ ಕೇಳಿ ಇಸ್ಕೋ. ಹೆಸರು ಮುಚ್ಚಿ ಫೋಟೋ ತೆಗೆದು ನನಗೆ ಕಳಿಸು. ಹೊಸ ದರದ ಹಾಳೆಯನ್ನೂ ಕಳಿಸು. ಈ ಶನಿವಾರ ನನಗೆ ರಜೆ, ಕೂತು ಸಾಲು ಸಾಲಾಗಿ ಲೆಕ್ಕ ಹಾಕಿ ರಾತ್ರಿಯೊಳಗೆ ಕೊಡುತ್ತೇನೆ. ಸಹಿ ಸೋಮವಾರ ಅಂದೆಯಲ್ಲ?

ಅಮ್ಮನ ಮಂಡಿ ನೋವು ಹೇಗಿದೆ ಅಂತ ಬರೆ. ಮಕ್ಕಳಿಗೆ ನನ್ನ ನೆನಪು ಹೇಳು.

ನಿನ್ನ,
ರವಿ